ಔಷಧಿಯ ಕಾಲಂನಲ್ಲಿ ಒಂದು ಗೆರೆ

ಯಂತ್ರದ ಗುಂಯ್‌ಗುಡುವ ಸದ್ದು ಒಂದು ಮೆಟ್ಟಿಲು ಇಳಿಯಿತು, ಇನ್ನೊಂದು ಇಳಿಯಿತು, ಇನ್ನು ಅರ್ಧ ನಿಮಿಷಕ್ಕೆ ನಿಲ್ಲುತ್ತದೆ, ನಿಲ್ಲದಿದ್ದರೆ ಚೆನ್ನ, ಒಳಗಿನ ಇಪ್ಪತ್ತನಾಲ್ಕು ರಕ್ತದ ಟ್ಯೂಬುಗಳೂ ಯಾರದ್ದು ಯಾವುದೆಂದು ತಿಳಿಯದ ಹಾಗೆ ಒಂದೇ ಬಳೆಯಾಗಿ ಸುತ್ತುತ್ತಿರಲಿ, ಹದಿನೇಳನೆಯದು ಅವರದು, ಹಳದಿ ಮುಚ್ಚಳದ್ದು, ಬೆಳಿಗ್ಗೆ ಎಂಟಕ್ಕೆ ತಾನೇ ಸೂಜಿ ಚುಚ್ಚಿ ತೆಗೆದದ್ದು. ಗಂಡನ ಎಡಗೈ, ಮೊಣಕೈ ಮಡಿಕೆಯ ನರ, ಇಪ್ಪತ್ತಾರು ವರ್ಷದಿಂದ ಕಂಡ ಕೈ, ಇಪ್ಪತ್ತನಾಲ್ಕು ವರ್ಷದಿಂದ ಇದೇ ಲ್ಯಾಬಿನಲ್ಲಿ ಕಂಡಕಂಡವರಿಗೆಲ್ಲ ಚುಚ್ಚಿ ಪಳಗಿದ ಬೆರಳುಗಳು, ಆದರೂ ಇವತ್ತು ನರ ಜಾರಿತು, ಎರಡನೇ ಸಲ ಚುಚ್ಚಬೇಕಾಯಿತು. ಏನೇ, ಯಾವುದಾದ್ರೂ ಹಳೇ ಸೇಡು ತೀರಿಸ್ಕೊಳ್ತಿದ್ದೀಯಾ? ಸುಮ್ನಿರಿ, ಕೈ ಅಲ್ಲಾಡಿಸಬೇಡಿ. ಸಕ್ಕರೆ ನೋಡೋಕೆ ಇಷ್ಟೊಂದು ರಕ್ತ ಬೇಕಾ? ಬೇಕು. ಅವರು ಸೂಜಿಯನ್ನು ನೋಡುವುದಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ, ಆದರೆ ಟ್ಯೂಬ್ ತುಂಬಿ ಅವಳು ಅದನ್ನು ತಲೆಕೆಳಗು ಮಾಡಿ ಅಲ್ಲಾಡಿಸುವಾಗ ನೋಡಿಬಿಟ್ಟರು, ದರ್ಜಿಯ ಕಣ್ಣು, ನೂರು ರೀಲು ದಾರದ ನಡುವೆ ಒಂದೆಳೆ ಬೇರೆ ಬಣ್ಣ ಇದ್ದರೆ ಹಿಡಿಯುವ ಕಣ್ಣು — ಸಕ್ಕರೆಗೆ ಬೂದು ಮುಚ್ಚಳ ಅಲ್ವೇನೇ? ಹೋದ ಸಲ ಬೂದು ಇತ್ತು. ಬೂದು ಖಾಲಿಯಾಗಿದೆ ಕಣ್ರೀ, ಸ್ಟಾಕ್ ಬಂದಿಲ್ಲ. ಓಹೋ, ಅಂದರು, ಅಷ್ಟೇ, ಹತ್ತಿಯನ್ನು ಹೆಬ್ಬೆರಳಿನಲ್ಲಿ ಒತ್ತಿಕೊಂಡು ಎದ್ದರು, ಬೂದು ಮುಚ್ಚಳದ ಡಬ್ಬಿ ಅವಳ ಬೆನ್ನ ಹಿಂದೆಯೇ ಇತ್ತು, ತುಂಬಿತ್ತು, ಅದೂ ಅವರಿಗೆ ಕಂಡಿರಬೇಕು. ಸದ್ದು ನಿಂತಿತು. ಮುಚ್ಚಳ ತೆರೆಯಬೇಕು. ತೆರೆದಳು. ಹದಿನೇಳು: ಕೆಳಗೆ ರಕ್ತ ಗಟ್ಟಿಯಾಗಿ ಕೂತಿದೆ, ಮೇಲೆ ಒಣಹುಲ್ಲಿನ ಬಣ್ಣದ ತಿಳಿ, ಸೀರಂ, ಎಷ್ಟು ಶುಭ್ರ, ಎತ್ತಿ ಬೆಳಕಿಗೆ ಹಿಡಿದರೂ ಏನೂ ಕಾಣುವುದಿಲ್ಲ, ಭಾವನ ತಿಳಿಯೂ ಹೀಗೇ ಶುಭ್ರವಾಗಿತ್ತು.

ಭಾವ, ಗಂಡನ ಅಣ್ಣ, ಅಚ್ಚುಕೂಟದಲ್ಲಿ ಮೂವತ್ತು ವರ್ಷ ನಿಂತೇ ಕೆಲಸ ಮಾಡಿದವರು, ಬೆನ್ನುನೋವು ಅಂದರೆ ಯಾರಿಗೆ ಆಶ್ಚರ್ಯ, ನಿಂತು ನಿಂತು ಬಂದಿದೆ ಬಿಡಿ ಅಂದರು ಎಲ್ಲರೂ, ಅವಳೂ ಅಂದಳು, ಎಂಟು ತಿಂಗಳು ಮುಲಾಮು ತಿಕ್ಕಿಸಿಕೊಂಡರು, ಕೊನೆಗೆ ಯಾರೋ ಪಿಎಸ್ಎ ಬರೆದುಕೊಟ್ಟರು — ಗಂಡಸರ ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಸೋರುವ ಒಂದು ಪ್ರೋಟೀನು, ನಾಲ್ಕರ ಒಳಗಿದ್ದರೆ ಸರಿ ಎಂದು ಲ್ಯಾಬಿನ ಪಟ್ಟಿ ಹೇಳುತ್ತದೆ — ಪಕ್ಕದ ಪರೀಕ್ಷೆಯ ಯಂತ್ರದ ಮುಂದೆ ಅವಳೇ ನಿಂತಿದ್ದಳು, ಭಾವನದು ನಾನೂರ ಹನ್ನೆರಡು ಬಂತು. ಯಂತ್ರ ಕೆಟ್ಟಿದೆ ಅಂದುಕೊಂಡು ಇನ್ನೊಮ್ಮೆ ಹಾಕಿದಳು, ನಾನೂರ ಒಂಬತ್ತು. ಬೆನ್ನುಮೂಳೆಯ ತುಂಬ ಹರಡಿತ್ತು. ಆಮೇಲೆ ಹದಿನಾಲ್ಕು ತಿಂಗಳು. ಗಂಡ ವಾರಕ್ಕೊಮ್ಮೆ ಹೋಗಿ ಅಣ್ಣನ ಪ್ಯಾಂಟು ತರುತ್ತಿದ್ದರು, ಸೊಂಟ ಮೂವತ್ತೆಂಟು ಇದ್ದದ್ದು ಮೂವತ್ತೈದು, ಮೂವತ್ತೈದು ಇದ್ದದ್ದು ಮೂವತ್ತೊಂದು, ಪ್ರತಿ ಸಲವೂ ಒಳಗೆ ಮಡಿಸಿ ಹೊಲಿಯುತ್ತಿದ್ದರು, ಒಂದು ಚೂರು ಬಟ್ಟೆಯನ್ನೂ ಕತ್ತರಿಸಲಿಲ್ಲ. ಕತ್ತರಿಸಿ ಬಿಡಿ, ದಪ್ಪ ಆಗಿ ಒತ್ತುತ್ತೆ ಅಂದಾಗ, ಮತ್ತೆ ಮೈ ಬಂದ್ರೆ ಬಿಚ್ಚಬೇಕಲ್ವೇನೇ ಅಂದಿದ್ದರು. ಕೊನೆಯಲ್ಲಿ ಆ ಪ್ಯಾಂಟಿನ ಸೊಂಟದಲ್ಲಿ ಬಟ್ಟೆ ನಾಲ್ಕು ಪದರ ಇತ್ತು. ಹದಿಮೂರನೆಯ ದಿನ ಕಳೆದು ಮನೆಗೆ ಬಂದು ಅವಳೇ ಹೇಳಿದ್ದಳು, ನೋಡಿ, ಅಣ್ಣನಿಗೆ ಬಂದಿದ್ದು ತಮ್ಮನಿಗೂ ಬರಬಹುದು, ವರ್ಷಕ್ಕೊಮ್ಮೆ ನೋಡಿಸಲೇಬೇಕು, ನಾನು ಇರೋದ್ಯಾಕೆ. ನಾನು ಇರೋದ್ಯಾಕೆ — ಅದನ್ನೇ ಹೇಳಿದ್ದಳು, ಎಷ್ಟು ಧೈರ್ಯವಾಗಿ, ಮನೆಯಲ್ಲಿ ಕಾವಲಿಗೆ ಆಳಿದ್ದ ಹಾಗೆ. ಮೊದಲ ವರ್ಷ ಮೂರು ಪಾಯಿಂಟ್ ಒಂದು. ನಾಲ್ಕರ ಒಳಗೆ. ಅವಳು ಫೋನ್ ಮಾಡಿ ನಾಲ್ಕರ ಒಳಗೆ ಅಂದಳು, ಅಂಗಡಿಯಲ್ಲಿ ಹೊಲಿಗೆಯಂತ್ರ ಒಂದು ಕ್ಷಣ ನಿಂತು ಮತ್ತೆ ಓಡತೊಡಗಿದ್ದು ಫೋನಿನಲ್ಲೇ ಕೇಳಿಸಿತ್ತು.

ಸೀರಂ ಇರುವ ಟ್ಯೂಬುಗಳನ್ನು ಸಾಲಾಗಿ ಇಡಬೇಕು, ಒಂದು ಎರಡು ಮೂರು, ಕೈ ತಾನಾಗಿ ಇಡುತ್ತದೆ, ಕೈಗೆ ಬುದ್ಧಿ ಬೇಕಿಲ್ಲ, ಅದೇ ಕಷ್ಟ. ಮೂರು ಪಾಯಿಂಟ್ ಒಂದರ ನಂತರ ಬಂದದ್ದು ಕೂದಲು. ಅಂಗಡಿಯಲ್ಲಿ ಒಂದೇ ಕನ್ನಡಿ ಇದ್ದಾಗ ಏನೂ ತೊಂದರೆ ಇರಲಿಲ್ಲ, ಗಿರಾಕಿಗಳಿಗೆ ಕೋಟಿನ ಬೆನ್ನು ಕಾಣಲಿ ಎಂದು ಎದುರಾಬದುರಾ ಎರಡು ಕನ್ನಡಿ ಹಾಕಿಸಿದರು, ಆವತ್ತೇ ಅವರಿಗೆ ತಮ್ಮ ನೆತ್ತಿ ಕಂಡದ್ದು. ಲೇ, ಇಷ್ಟು ದೊಡ್ಡ ಮೈದಾನ ಆಗಿದೆ, ನೀನು ಹೇಳಲೇ ಇಲ್ವಲ್ಲೇ. ದಿನಾ ನೋಡ್ತೀನಲ್ಲ, ನಂಗೇನು ಹೊಸದಾ. ನಕ್ಕಿದ್ದಳು, ಆದರೆ ಅವರು ನಗಲಿಲ್ಲ, ಅಣ್ಣ ತೀರಿಕೊಂಡ ವರ್ಷ ಅದು, ಕನ್ನಡಿಯಲ್ಲಿ ಅಣ್ಣನ ತಲೆಯೇ ಕಂಡಿರಬೇಕು. ಹಾಗಾಗಿ ಅವಳೇ, ಬೇರೆ ಯಾರೂ ಅಲ್ಲ ಅವಳೇ, ಲ್ಯಾಬಿನ ಕೆಳಗಿನ ಔಷಧಿ ಅಂಗಡಿಯಲ್ಲಿ ಕೇಳಿದ್ದು, ಕೂದಲಿಗೆ ಏನಾದ್ರೂ ಒಳ್ಳೇದು ಇದೆಯಾ, ಎಣ್ಣೆಗಿಣ್ಣೆ ಬೇಡ. ಇದೆ ಮೇಡಂ, ದಿನಕ್ಕೊಂದು, ಎಲ್ಲಾ ತಗೋತಾರೆ, ನಾನೇ ತಗೋತೀನಿ ನೋಡಿ, ಎಂದು ಅಂಗಡಿಯವನು ತಲೆ ಬಗ್ಗಿಸಿ ತೋರಿಸಿದ್ದ. ಅಂಗಿಯ ಕಾಲರ್ ಗುಂಡಿಗಿಂತ ಚಿಕ್ಕ ಮಾತ್ರೆ. ಬೆಳಗಿನ ಚಹಾದ ತಟ್ಟೆಯ ಅಂಚಿನಲ್ಲಿ ಇಡುತ್ತಿದ್ದಳು, ಅವರು ಅದನ್ನು ಗೊಬ್ಬರ ಅನ್ನುತ್ತಿದ್ದರು, ಗೊಬ್ಬರ ಹಾಕಿದ್ಯೇನೇ, ಹಾಕಿದೀನಿ, ಚಹಾದ ಜೊತೆ ನುಂಗಿ. ಆರು ತಿಂಗಳಿಗೆ ಮೈದಾನದ ಅಂಚಿನಲ್ಲಿ ಹುಲ್ಲು ಕಾಣಿಸಿತು. ಮಗಳು ರಜೆಗೆ ಬಂದಾಗ ಅಪ್ಪನ ತಲೆ ಸವರಿ, ಅಮ್ಮಾ, ಇದಕ್ಕೆ ನೀರೂ ಬಿಡ್ತೀಯಾ ಅಂದಳು, ಲ್ಯಾಬಿನ ಹುಡುಗಿಯರು, ಮೇಡಂ, ನಿಮ್ಮ ಯಜಮಾನ್ರು ದಿನೇ ದಿನೇ ಹುಡುಗ ಆಗ್ತಿದ್ದಾರೆ, ಸ್ವಲ್ಪ ನೋಡ್ಕೊಳ್ಳಿ ಅಂದರು, ಅವಳು ಕೆನ್ನೆ ಕೆಂಪಾಗಿ ಸಾಕು ಕೆಲಸ ನೋಡ್ರೇ ಅಂದಳು. ಎರಡನೆಯ ವರ್ಷದ ರಕ್ತ: ಎರಡು ಪಾಯಿಂಟ್ ನಾಲ್ಕು. ಇಳಿದಿದೆ ರೀ, ಇಳಿದಿದೆ! ಅಂಕಿ ಇಳಿದದ್ದಕ್ಕೆ ಇಬ್ಬರೂ ಸಿನಿಮಾಕ್ಕೆ ಹೋಗಿದ್ದರು, ಕತ್ತಲಲ್ಲಿ ಅವರು ಅವಳ ಕೈಯನ್ನು ತಮ್ಮ ನೆತ್ತಿಗೆ ಮುಟ್ಟಿಸಿ ನೋಡು ನೋಡು ಅಂದಿದ್ದರು, ಹಿಂದಿನ ಸೀಟಿನವನು ಶ್ ಅಂದ. ಮೂರನೆಯ ವರ್ಷ ಮೂರು ಪಾಯಿಂಟ್ ಮೂರು. ಮತ್ತೆ ನಾಲ್ಕರ ಒಳಗೇ. ಮೂರು ವರ್ಷ, ನಾಲ್ಕರ ಒಳಗೆ ಎನ್ನುವ ಎರಡು ಪದಗಳ ಮೇಲೆ ಒಂದು ಸಂಸಾರ ನಿದ್ದೆ ಮಾಡಿತು.

ಹೋದ ಗುರುವಾರ ಬಾರದೇ ಇದ್ದಿದ್ದರೆ. ಅಲ್ಲ, ಬರಬೇಕಿತ್ತು, ಇನ್ನೂ ಮೊದಲು ಬರಬೇಕಿತ್ತು, ಎರಡು ವರ್ಷ ಮೊದಲು. ಪಿಎಸ್ಎ ನೋಡುವ ಹೊಸ ಕಿಟ್ಟಿನ ಡಬ್ಬಿಗಳು ಬಂದಿದ್ದವು, ಅದರ ಬಗ್ಗೆ ಹೇಳಲು ಒಬ್ಬ ಹುಡುಗಿ ಡಾಕ್ಟರು ಬಂದಿದ್ದರು, ಮಗಳಿಗಿಂತ ನಾಲ್ಕು ವರ್ಷ ದೊಡ್ಡವರಿರಬೇಕು, ಊಟದ ಕೋಣೆಯ ಮೇಜನ್ನು ಒರೆಸಿ ಅದರ ಮೇಲೇ ಕಂಪ್ಯೂಟರ್ ಇಟ್ಟು ಮಾತಾಡಿದರು. ಬರೀ ಒಟ್ಟು ಅಂಕಿ ನೋಡಿದ್ರೆ ಸಾಲ್ದು, ಗ್ರಂಥಿ ಊದಿಕೊಂಡ್ರೂ ಏರುತ್ತೆ, ಸೋಂಕಾದ್ರೂ ಏರುತ್ತೆ, ಸುಮ್ಮಸುಮ್ನೆ ಎಷ್ಟೋ ಜನಕ್ಕೆ ಸೂಜಿ ಹಾಕಿ ತುಂಡು ತೆಗೀತೀವಿ, ಇನ್ನೊಂದು ಕಡೆ ಕೆಲವ್ರದ್ದು ಕಡಿಮೆ ಅಂಕಿಯಲ್ಲೇ ತಪ್ಪಿಸ್ಕೊಂಡು ಹೋಗುತ್ತೆ. ಈ ಕಿಟ್ಟು ಎರಡು ನೋಡುತ್ತೆ, ಒಟ್ಟು ಎಷ್ಟು, ಅದರಲ್ಲಿ ಯಾವ್ದಕ್ಕೂ ಅಂಟ್ಕೊಳ್ದೆ ಒಂಟಿಯಾಗಿ ತಿರುಗೋದು ಎಷ್ಟು. ಒಂಟಿ ಭಾಗ ನೂರಕ್ಕೆ ಇಪ್ಪತ್ತೈದು ದಾಟಿದ್ರೆ ಉಸಿರು ಬಿಡಬಹುದು, ಹತ್ತಕ್ಕಿಂತ ಕೆಳಗೆ ಬಂದ್ರೆ ಕಾಯಬೇಡಿ. ಅವಳು ನೋಟ್ ಬರೆದುಕೊಳ್ಳುತ್ತಿದ್ದಳು, ಬರೆದುಕೊಳ್ಳುವುದು ಅವಳ ಅಭ್ಯಾಸ, ಹತ್ತು, ಇಪ್ಪತ್ತೈದು. ಆಮೇಲೆ ಹುಡುಗಿ ಡಾಕ್ಟರು ಬಿಸ್ಕತ್ತು ಕಚ್ಚುತ್ತ, ಬಾಯಲ್ಲಿ ಚೂರು ಇರುವಾಗಲೇ, ಹಾಂ, ಇನ್ನೊಂದು, ಮೂತ್ರದ ತೊಂದರೆಗೆ ಕೊಡೋ ಮಾತ್ರೆ ಇದೆಯಲ್ಲ, ಅದು ಒಟ್ಟು ಅಂಕೀನ ಅರ್ಧಕ್ಕೆ ಇಳಿಸುತ್ತೆ, ದುಪ್ಪಟ್ಟು ಮಾಡಿ ಓದಬೇಕು, ನಿಮಗೆಲ್ಲ ಗೊತ್ತಿರುತ್ತೆ. ಗೊತ್ತಿತ್ತು. ಅದನ್ನು ಅವಳೇ ಚೀಟಿ ಬರೆದು ಯಂತ್ರದ ಪಕ್ಕ ಅಂಟಿಸಿದ್ದಳು, ಐದು ವರ್ಷವಾಯಿತು, ಚೀಟಿ ಹಳದಿಯಾಗಿದೆ. ಆದ್ರೆ ಜನ ಮರೆಯೋದು ಏನು ಅಂದ್ರೆ, ಕೂದಲಿಗೆ ತಗೋತಾರಲ್ಲ ಚಿಕ್ಕ ಮಾತ್ರೆ, ಅದೂ ಅದೇನೇ, ಪ್ರಮಾಣ ಕಡಿಮೆ ಅಷ್ಟೇ, ಅದೂ ಅರ್ಧಕ್ಕೆ ಇಳಿಸುತ್ತೆ. ಯಾರೂ ಅದನ್ನ ಔಷಧಿ ಅಂತ ಹೇಳೋದೇ ಇಲ್ಲ. ಯಾರೋ ನಕ್ಕರು. ಅವಳ ಪೆನ್ನು ಬರೆಯುತ್ತಲೇ ಇತ್ತು, ಏನು ಬರೆಯಿತೋ, ಆಮೇಲೆ ನೋಡಿದರೆ ಗೊಬ್ಬರ ಎಂದು ಬರೆದಿತ್ತು.

ಎರಡು ಪಾಯಿಂಟ್ ನಾಲ್ಕರ ದುಪ್ಪಟ್ಟು ನಾಲ್ಕು ಪಾಯಿಂಟ್ ಎಂಟು. ಮೂರು ಪಾಯಿಂಟ್ ಮೂರರ ದುಪ್ಪಟ್ಟು ಆರು ಪಾಯಿಂಟ್ ಆರು. ಇಳಿದಿರಲಿಲ್ಲ, ಯಾವತ್ತೂ ಇಳಿದಿರಲಿಲ್ಲ, ಏರುತ್ತಲೇ ಇತ್ತು, ಅವರು ಸಿನಿಮಾ ನೋಡುವಾಗಲೂ ಏರುತ್ತಿತ್ತು. ಸಂಜೆ ಎಲ್ಲ ಹೋದ ಮೇಲೆ ರೆಕಾರ್ಡ್ ರೂಮಿಗೆ ಹೋದಳು, ಮೇಲಿನ ಕಪಾಟು, ವರ್ಷ, ತಿಂಗಳು, ಕಟ್ಟು ಬಿಚ್ಚಿದಾಗ ದೂಳು, ಅವರ ಎರಡು ಫಾರಂ ಸಿಕ್ಕಿದವು. ಹೆಸರು, ವಯಸ್ಸು, ಖಾಲಿ ಹೊಟ್ಟೆಯೋ ಊಟವಾಗಿದೆಯೋ, ಎಲ್ಲ ಅವಳದೇ ಅಕ್ಷರ, ದುಂಡಗೆ. ಅದರ ಕೆಳಗೆ ‘ತೆಗೆದುಕೊಳ್ಳುತ್ತಿರುವ ಔಷಧಿಗಳು’, ಆ ಕಾಲಂನಲ್ಲಿ ಒಂದು ಗೆರೆ. ನೀಲಿ ಇಂಕು, ಒಂದಂಗುಲ ಉದ್ದ, ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಬಾಲ ಎತ್ತಿದ್ದು. ಈ ಲ್ಯಾಬಿನ ಪದ್ಧತಿ ಅದು, ಬೆಳಿಗ್ಗೆ ಎಪ್ಪತ್ತು ಜನ ಸಾಲು ನಿಂತಿರುತ್ತಾರೆ, ಪ್ರತಿಯೊಬ್ಬರ ಹತ್ತಿರ ಮಾತ್ರೆಯ ಹೆಸರು ಕೇಳುತ್ತ ಕೂತರೆ — ಆ ಬಿಳೀದು, ಅದೇ ಉದ್ದಕ್ಕಿರುತ್ತಲ್ಲ, ಮಗನಿಗೆ ಗೊತ್ತು — ಮಧ್ಯಾಹ್ನವಾಗುತ್ತದೆ, ಹಾಗಾಗಿ ಗೆರೆ. ಹೊಸದಾಗಿ ಸೇರಿದ ಹುಡುಗಿಯರಿಗೆ ಇದನ್ನು ಕಲಿಸಿದ್ದು ಕೂಡ ಅವಳೇ, ಖಾಲಿ ಬಿಡಬೇಡ್ರೇ, ಖಾಲಿ ಬಿಟ್ರೆ ಕೇಳಿಲ್ಲ ಅಂತ ಅರ್ಥ, ಒಂದು ಗೆರೆ ಎಳೀರಿ. ಆದರೆ ಅವರನ್ನು ಕೇಳಬೇಕಿರಲಿಲ್ಲವಲ್ಲ, ಆ ಬೆಳಿಗ್ಗೆ ಮಾತ್ರೆಯನ್ನು ತಟ್ಟೆಯ ಅಂಚಿನಲ್ಲಿ ಇಟ್ಟು ಬಂದ ಕೈ, ಅದೇ ಕೈ, ಎರಡು ಗಂಟೆಯ ಅಂತರದಲ್ಲಿ. ಗಂಡ ಅಳತೆಯ ಟೇಪು ಹಿಡಿಯುವ ಮೊದಲು ಪ್ರತಿ ಗಿರಾಕಿಗೂ ಹೇಳುತ್ತಾರೆ, ಜೇಬಲ್ಲಿರೋದೆಲ್ಲ ತೆಗೆದಿಡಿ ಸ್ವಾಮಿ, ಇಪ್ಪತ್ತು ವರ್ಷದ ಗಿರಾಕಿಯಾದರೂ ಹೇಳುತ್ತಾರೆ, ಮಾಸ್ಟ್ರೇ, ಜೇಬು ಖಾಲಿ ಇದೆ ಅಂದರೂ ತಾವೇ ತಟ್ಟಿ ನೋಡುತ್ತಾರೆ, ಒಂದು ಕೀಲಿಕೈ ಇದ್ರೂ ಅರ್ಧ ಇಂಚು ಸುಳ್ಳು ಹೇಳುತ್ತೆ ಅಂತ. ಮನೆಯಲ್ಲಿ ಆ ಮಾತು ಕೇಳಿ ಕೇಳಿ ಅವಳು ಅಣಕಿಸುತ್ತಿದ್ದಳು, ನನ್ನ ಅಳತೆಗೆ ಜೇಬೇ ಇಲ್ಲ ಬಿಡಿ, ರಕ್ತ ಸುಳ್ಳು ಹೇಳಲ್ಲ.

ಹದಿನೇಳನೆಯ ಟ್ಯೂಬ್ ಪರೀಕ್ಷೆಯ ಯಂತ್ರದ ಒಳಗೆ ಹೋಯಿತು. ಹದಿನೆಂಟು ನಿಮಿಷ. ಪರದೆಯ ಮೇಲೆ ಹಸಿರು ಪಟ್ಟಿ ಹೊರಳುತ್ತದೆ, ಹದಿನೇಳು, ಹದಿನಾರು. ಗಾಜಿನ ಬಾಗಿಲಿನ ಆಚೆ ಯಾರು — ಅವರೇ, ಕೈಯಲ್ಲಿ ಕಾಗದದ ಚೀಲ, ಲ್ಯಾಬಿನ ದೊಡ್ಡ ಡಾಕ್ಟರ ಪ್ಯಾಂಟು ಸಡಿಲಿಸಿಕೊಡಬೇಕಿತ್ತು, ಕೊಡಲು ಬಂದಿದ್ದಾರೆ, ಇವತ್ತೇ ಬರಬೇಕಿತ್ತೇ. ಬಾಗಿಲನ್ನು ಒಂದು ಗೇಣು ತೆರೆದಳು. ಏನ್ರೀ. ಏನಿಲ್ವೇ, ನಿಮ್ಮ ಡಾಕ್ಟ್ರ ಹೊಟ್ಟೆ ಎರಡಿಂಚು ಮುಂದೆ ಬಂದಿದೆ, ಅದಕ್ಕೆ ಜಾಗ ಮಾಡ್ಕೊಂಡು ಬಂದೆ. ಕೊಡಿ, ನಾನು ಕೊಡ್ತೀನಿ. ಬೇಡ, ಹಾಕಿಸಿ ನೋಡಬೇಕು. ಆಮೇಲೆ, ಕಣ್ಣು ಅವಳ ಹೆಗಲ ಮೇಲಿಂದ ಒಳಗೆ ಹಾಯಿಸಿ, ಮೆಲ್ಲಗೆ — ಬೂದು ಸ್ಟಾಕ್ ಬಂತಾ? ಬಂತು. ಒಳ್ಳೇದಾಯ್ತು ಬಿಡು. ನೆತ್ತಿಯ ಮೇಲೆ ಕೈಯಾಡಿಸಿಕೊಂಡರು, ಈಗ ಅದು ಅಭ್ಯಾಸವಾಗಿಬಿಟ್ಟಿದೆ, ಬೆಳೆದ ಕೂದಲು ಇನ್ನೂ ಇದೆಯೋ ಎಂದು ನೋಡಿಕೊಳ್ಳುವವರ ಹಾಗೆ. ಬೆಲ್ಟು ಯಾವ ತೂತಿನಲ್ಲಿದೆ? ಒಂದು ತೂತು ಒಳಗೆ ಹೋಗಿದೆಯೋ, ಹೋದ ತಿಂಗಳು ಎಲ್ಲಿತ್ತು, ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಂಡರಲ್ಲ, ಇಡೀ ದಿನ ಬಗ್ಗಿ ಹೊಲಿಯುವವರಿಗೆ ಬೆನ್ನು ನೋಯುವುದಿಲ್ಲವೇ, ಬಗ್ಗಿ ಬಗ್ಗಿ ಬಂದಿದೆ ಬಿಡಿ — ನಿಂತು ನಿಂತು ಬಂದಿದೆ ಬಿಡಿ. ಲೇ, ಯಾಕೆ ಹಾಗೆ ಸೊಂಟ ನೋಡ್ತಿದ್ದೀಯಾ, ಅಳತೆ ತಗೋಬೇಕಾ? ಥೂ, ಹೋಗಿ ಅಲ್ಲಿ ಕೂತ್ಕೊಳ್ಳಿ. ಅವರು ಕಾಯುವವರ ಬೆಂಚಿನಲ್ಲಿ ಕೂತರು, ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು, ಪಕ್ಕದ ಮುದುಕನ ಅಂಗಿಯ ಸಡಿಲ ಗುಂಡಿಯನ್ನು ನೋಡುತ್ತ. ಹನ್ನೊಂದು, ಹತ್ತು. ಮಾತ್ರೆಯನ್ನು ಗುರುವಾರದಿಂದ ತಟ್ಟೆಯಲ್ಲಿ ಇಟ್ಟಿಲ್ಲ, ಗೊಬ್ಬರ ಎಲ್ಲೇ ಅಂದಾಗ ಖಾಲಿಯಾಗಿದೆ ಅಂದಳು, ಈ ವಾರ ಎಷ್ಟು ವಸ್ತುಗಳು ಖಾಲಿಯಾದವು ಅವಳ ಬಾಯಲ್ಲಿ. ಒಂಟಿ ಭಾಗದ ಲೆಕ್ಕಕ್ಕೆ ಮಾತ್ರೆಯ ಕಾಟ ಇಲ್ಲ ಅಂದಿದ್ದರು ಹುಡುಗಿ ಡಾಕ್ಟರು, ಒಟ್ಟೂ ಅರ್ಧ ಆಗುತ್ತೆ, ಒಂಟಿಯೂ ಅರ್ಧ ಆಗುತ್ತೆ, ಭಾಗ ಹಾಕಿದ್ರೆ ಅಷ್ಟೇ ಉಳಿಯುತ್ತೆ, ಅದನ್ನ ದುಪ್ಪಟ್ಟು ಮಾಡೋಕೆ ಹೋಗಬೇಡಿ. ಇಪ್ಪತ್ತೈದು ಬರಲಿ. ಇಪ್ಪತ್ತು ಬಂದರೂ ಸಾಕು. ಹದಿನೈದು ಬಂದರೆ ಏನೋ ಒಂದು. ಅವಳು ಯಾರಲ್ಲಿ ಚೌಕಾಸಿ ಮಾಡುತ್ತಿದ್ದಾಳೆ? ಮೂರು, ಎರಡು.

ಒಟ್ಟು ನಾಲ್ಕು ಪಾಯಿಂಟ್ ಆರು. ಒಂಟಿ ಸೊನ್ನೆ ಪಾಯಿಂಟ್ ಮೂರು ಏಳು. ನೂರಕ್ಕೆ ಎಂಟು. ಎಂಟು ಎಂದು ಅವಳು ಓದಿದಳು, ಇನ್ನೊಬ್ಬರ ಮನೆಯ ಅಂಕಿ ಓದುವ ಹಾಗೆ, ಯಂತ್ರ ಕೆಟ್ಟಿದೆ ಅಂದುಕೊಳ್ಳಲಿಲ್ಲ, ಇನ್ನೊಮ್ಮೆ ಹಾಕಲಿಲ್ಲ, ಭಾವನದನ್ನು ಓದುವಾಗ ಇದ್ದ ಆ ದಡ್ಡತನವೂ ಈಗ ಉಳಿದಿಲ್ಲ. ನಾಲ್ಕು ಪಾಯಿಂಟ್ ಆರರ ದುಪ್ಪಟ್ಟು ಒಂಬತ್ತು ಪಾಯಿಂಟ್ ಎರಡು. ಪ್ರಿಂಟು ಬಂತು, ಕಾಗದ ಬೆಚ್ಚಗಿತ್ತು. ದೊಡ್ಡ ಡಾಕ್ಟರ ಸಹಿ ಆಗಬೇಕು, ಸಹಿಗೆ ಫಾರಂ ಜೊತೆಗಿರಬೇಕು, ಟ್ರೇಯಿಂದ ಬೆಳಗಿನ ಫಾರಂ ತೆಗೆದು ಪಿನ್ನು ಹಾಕಿ ಕೋಣೆಗೆ ಹೋದಳು, ಕಾಲು ತಾನಾಗಿ ಹೋಯಿತು. ಡಾಕ್ಟರು ಕನ್ನಡಕವನ್ನು ಹಣೆಗೆ ಏರಿಸಿ ಓದಿದರು. ಇದು ನಿಮ್ಮ ಮನೆಯವ್ರದ್ದಲ್ವಾ? ಹೌದು ಸರ್. ಹೊರಗೆ ಕೂತಿದ್ದಾರಲ್ಲ ಮಾಸ್ಟ್ರು, ನನ್ನ ಪ್ಯಾಂಟು ತಂದಿದ್ದಾರಂತೆ. ಹೌದು ಸರ್. ಹ್ಞೂಂ, ಒಟ್ಟು ಜಾಸ್ತಿ ಏನಿಲ್ಲ, ನಾಲ್ಕು ಪಾಯಿಂಟ್ ಆರು, ಗಡಿ ಮೇಲಿದೆ ಅಷ್ಟೇ. ಈ ಎಂಟು ಸ್ವಲ್ಪ ಕೆಟ್ಟದಾಗಿದೆ, ಆದ್ರೆ ಹೊಸ ಕಿಟ್ಟು, ನಂಗಿನ್ನೂ ಇದರ ಮೇಲೆ ಅಷ್ಟು ನಂಬಿಕೆ ಇಲ್ಲ. ಒಂದು ಕೆಲಸ ಮಾಡೋಣ, ಮೂರು ತಿಂಗಳು ಬಿಟ್ಟು ಇನ್ನೊಂದ್ಸಲ ನೋಡೋಣ. ಮೂರು ತಿಂಗಳು. ಮೂವತ್ತೆಂಟು, ಮೂವತ್ತೈದು. ಅಂದ್ಹಾಗೆ, ಏನಾದ್ರೂ ಮಾತ್ರೆ ತಗೋತಾರಾ ಇವ್ರು? — ಕೇಳಿದರು, ಕೇಳಿ, ಅವಳು ಬಾಯಿ ತೆರೆಯುವ ಮೊದಲೇ ಕಾಗದ ತಿರುವಿದರು, ಬೆರಳು ಫಾರಂನ ಮೇಲೆ ಇಳಿಯುತ್ತ ಬಂತು, ಹೆಸರು, ವಯಸ್ಸು, ಖಾಲಿ ಹೊಟ್ಟೆ, ನಿಂತಿತು. ಇಲ್ಲ, ಬಿಡಿ, ಗೆರೆ ಎಳೆದಿದ್ದೀರಲ್ಲ.

ಗೆರೆ. ನೀಲಿ, ಒಂದಂಗುಲ, ಬಾಲ ಎತ್ತಿದ್ದು. ಬೆಳಿಗ್ಗೆ ಎಂಟಕ್ಕೆ ಎಳೆದದ್ದು. ಎಲ್ಲ ತಿಳಿದ ಮೇಲೆ, ಗುರುವಾರದ ನಂತರ, ರೆಕಾರ್ಡ್ ರೂಮಿನ ದೂಳು ಇನ್ನೂ ಉಗುರಿನಲ್ಲಿರುವಾಗ ಎಳೆದದ್ದು, ಯಾವಾಗ ಎಳೆದಳು, ಅವರು ಕ್ಯಾಲೆಂಡರ್ ನೋಡುತ್ತಿದ್ದಾಗಲೇ, ಬೂದು ಮುಚ್ಚಳ ಅಂದಾಗಲೇ, ಕೈ ತಪ್ಪೋ, ಅಥವಾ ಕೈಗೆ ಅವಳಿಗಿಂತ ಮೊದಲೇ ಗೊತ್ತಿತ್ತೋ ಈ ಕಾಲಂನಲ್ಲಿ ಒಂದು ಹೆಸರು ಬಿದ್ದರೆ ಹಿಂದಿನ ಎರಡು ಫಾರಂ ಎದ್ದು ನಿಲ್ಲುತ್ತವೆಂದು. ದೊಡ್ಡ ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು, ಸಹಿಗೆ. ಸರ್. ಏನಮ್ಮಾ? ಸರ್, ಒಂದ್ನಿಮಿಷ, ಪೆನ್ನು ಕೊಡಿ. ಅವರ ಕೈಯಿಂದಲೇ ತೆಗೆದುಕೊಂಡಳು, ತಗೊಂಡದ್ದಲ್ಲ, ಕಿತ್ತುಕೊಂಡದ್ದು. ದುಪ್ಪಟ್ಟು ಮಾಡಿ ಓದಬೇಕು ಸರ್. ಏನು? ದುಪ್ಪಟ್ಟು. ಮಾತ್ರೆ ತಗೋತಾರೆ. ಎರಡು ವರ್ಷದ ಮೇಲಾಯ್ತು. ನಾನೇ ಕೊಟ್ಟಿದ್ದು. ಎಷ್ಟು ಮೆಲ್ಲಗೆ ಬಂತು ಮಾತು, ಡಾಕ್ಟರಿಗೆ ಕೇಳಿಸಿತೋ ಇಲ್ಲವೋ, ಹಣೆಯ ಮೇಲಿನ ಕನ್ನಡಕ ತಾನಾಗಿ ಮೂಗಿಗೆ ಜಾರಿತು, ಗಾಜಿನ ಆಚೆ ಬೆಂಚಿನಲ್ಲಿ ಗಂಡ ಎದ್ದು ನಿಂತಿದ್ದರು, ಚೀಲ ಎದೆಗೆ ಒತ್ತಿಕೊಂಡು ಇತ್ತಲೇ ನೋಡುತ್ತಿದ್ದರು, ಬಣ್ಣ ಹಿಡಿಯುವ ಕಣ್ಣು, ಜೇಬಲ್ಲಿರೋದೆಲ್ಲ ತೆಗೆದಿಡಿ ಸ್ವಾಮಿ. ಬರೆಯಬೇಕು. ಕಾಲಂನಲ್ಲಿ ಬೇರೆ ಜಾಗವಿಲ್ಲ, ಒಂದಂಗುಲದ ಕಾಲಂ, ಒಂದಂಗುಲದ ಗೆರೆ, ಮಾತ್ರೆಯ ಹೆಸರನ್ನು ಅದರ ಮೇಲೆಯೇ ಬರೆದಳು, ದುಂಡಗೆ, ಅಕ್ಷರ ಅಕ್ಷರವಾಗಿ, ಕೊನೆಯ ಅಕ್ಷರದವರೆಗೆ, ಬರೆದು ಪೆನ್ನು ಎತ್ತಿದಳು. ಗೆರೆ ಕೆಳಗೆ ಹೋಗಲಿಲ್ಲ. ಹೆಸರಿನ ನಡುವೆಯೇ ಹಾದುಹೋಯಿತು, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ, ಬರೆದದ್ದನ್ನು ಯಾರೋ ಹೊಡೆದುಹಾಕಿದ ಹಾಗೆ, ಒತ್ತಿ ತಿದ್ದಿದಳು, ಅಕ್ಷರ ದಪ್ಪವಾಯಿತು, ಗೆರೆ ಹಾಗೇ, ಇನ್ನೊಮ್ಮೆ ತಿದ್ದಿದಳು, ಕಾಗದ ಹಿಂಜಿತು, ಗೆರೆ ಹಾಗೇ, ನೀಲಿ, ಒಂದಂಗುಲ, ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ, ಗೆರೆ.